ಗಡಿಯಾರವೂ ಚದುರಂಗವೂ

೧

ಚದುರಂಗವು ಬಿಡುವುಳ್ಳವರ ಆಟವೆಂಬುದು ನಮ್ಮ ಜನರಲ್ಲಿ ಹಿಂದಿನಿಂದ ನಡೆದುಬಂದ ಭಾವನೆ. ಊಟವಾದ ಮೇಲೆ ಜಗಲಿಯಲ್ಲಿ ಮಣೆಯ ಮುಂದೆ ಕುಳಿತವರಿಗೆ ಹೊತ್ತು ಮುಳುಗಿದ್ದು ತಿಳಿಯುವುದಿಲ್ಲವೆಂಬುದು ಮನೆಯವರ ಹಳೆಯ ದೂರು. ಎದುರಾಳಿಯು ಗಲ್ಲಕ್ಕೆ ಕೈಯಿಟ್ಟು ಯೋಚಿಸುತ್ತಿರುವಾಗ ಈತನು ಎಲೆಯಡಕೆ ಮಡಿಸಿಕೊಳ್ಳಬಹುದು, ಬಂದವರೊಡನೆ ಮಾತನಾಡಬಹುದು; ಆದರೆ ಎದುರಾಳಿಯನ್ನು ಅವಸರಪಡಿಸುವುದು ಮಾತ್ರ ಮರ್ಯಾದೆಯಲ್ಲ. ಭಾರತದಲ್ಲಿ ಹುಟ್ಟಿ, ಪಾರಸಿಕ ದೇಶದ ಮೂಲಕ ಅರಬರಿಗೂ, ಅವರಿಂದ ಯೂರೋಪಿನವರಿಗೂ ಸಂದ ಈ ಆಟದಲ್ಲಿ ರಾಜ, ಮಂತ್ರಿ, ಆನೆ, ಕುದುರೆ, ಕಾಲಾಳು ಇವರೆಲ್ಲರಿಗೂ ಸ್ಥಾನವಿದ್ದಿತು. ಕಾಲನಿಗೆ ಮಾತ್ರ ಸಾವಿರಕ್ಕೂ ಮೀರಿದ ವರ್ಷಗಳವರೆಗೆ ಸ್ಥಾನವಿರಲಿಲ್ಲ.

ಇಂದಿನ ಸ್ಥಿತಿಯು ಬೇರೆ. ಜಗತ್ತಿನ ದೊಡ್ಡ ಸ್ಪರ್ಧೆಗಳಲ್ಲಿ ಗಡಿಯಾರವನ್ನು ಒತ್ತದೆ ಆಟವೇ ಮೊದಲಾಗುವುದಿಲ್ಲ. ಅಷ್ಟೇ ಅಲ್ಲ, ಒಬ್ಬೊಬ್ಬನಿಗೆ ಐದೇ ನಿಮಿಷ, ಅಥವಾ ಮೂರೇ ನಿಮಿಷ ಕೊಟ್ಟು ಇಡಿಯ ಆಟವನ್ನು ಮುಗಿಸಬೇಕೆಂದು ವಿಧಿಸುವ ಸ್ಪರ್ಧೆಗಳು ಹುಟ್ಟಿ, ಅವುಗಳಿಗೂ ಜಗಜ್ಜಟ್ಟಿಯ ಬಿರುದು ಬಂದಿದೆ. ಇದಕ್ಕೆ ಪಾಶ್ಚಾತ್ಯರು ಬ್ಲಿಟ್ಸ್ ಎನ್ನುವರು. ಜರ್ಮನ್ ಭಾಷೆಯಲ್ಲಿ ಆ ಮಾತಿಗೆ ಮಿಂಚೆಂದು ಅರ್ಥವಾದುದರಿಂದ ನಾವು ಇದನ್ನು ಮಿಂಚಿನಾಟವೆಂದು ಕರೆಯೋಣ.

ಈ ಮಿಂಚಿನಾಟವನ್ನು ಕುರಿತು ಬಲ್ಲವರಲ್ಲಿಯೇ ಎರಡು ಪಕ್ಷಗಳಿವೆ. ಇದು ಕೈಚಳಕವೇ ಹೊರತು ಬುದ್ಧಿಯ ಪರೀಕ್ಷೆಯಲ್ಲ, ಗಂಭೀರವಾದ ವಿದ್ಯೆಯೊಂದು ಸಂತೆಯ ಗದ್ದಲಕ್ಕೆ ಇಳಿದುದರ ಗುರುತು ಎಂದು ಒಂದು ಪಕ್ಷದವರು ಹೇಳುತ್ತಾರೆ. ಬುದ್ಧಿಯ ನಿಜವಾದ ಸಾರವು ಯೋಚಿಸಲು ಹೊತ್ತಿಲ್ಲದಾಗಲೇ ಹೊರಬೀಳುವುದೆಂದು ಇನ್ನೊಂದು ಪಕ್ಷದವರ ವಾದ. ಇಂತಹ ವಿವಾದವನ್ನು ಬರಿಯ ತರ್ಕದಿಂದ ತೀರಿಸಹೊರಡುವುದಕ್ಕಿಂತ ಚರಿತ್ರೆಯನ್ನು ಕೇಳುವುದು ಲೇಸು. ಕಾಲವು ಈ ಆಟದೊಳಗೆ ಏಕೆ ಬಂದಿತು, ಬಂದು ಏನು ಮಾಡಿತು, ಒಂದು ಪ್ರಸಿದ್ಧ ದಿನದಲ್ಲಿ ಅದರ ಪರೀಕ್ಷೆಯು ಹೇಗೆ ನಡೆಯಿತು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

೨

೧೮೫೧ರಲ್ಲಿ ಲಂಡನ್ ನಗರದಲ್ಲಿ ಮಹಾ ಪ್ರದರ್ಶನವು ನಡೆದಾಗ, ಅದರ ಸಂದರ್ಭದಲ್ಲಿಯೇ ಹದಿನಾರು ಮಂದಿ ಆಟಗಾರರು ಕೂಡಿ ಚದುರಂಗದ ಮೊದಲನೆಯ ಅಂತರರಾಷ್ಟ್ರೀಯ ಸ್ಪರ್ಧೆಯನ್ನಾಡಿದರು. ಇದನ್ನು ನಡೆಯಿಸಿದವನು ಇಂಗ್ಲೆಂಡಿನ ಹೊವಾರ್ಡ್ ಸ್ಟಾಂಟನ್. ಗೆದ್ದವನು ಜರ್ಮನಿಯ ಅಡಾಲ್ಫ್ ಆಂಡರ್‌ಸನ್. ಆ ಸ್ಪರ್ಧೆಯಲ್ಲಿ ಕಾಲದ ಮಿತಿಯೆಂಬುದೇ ಇರಲಿಲ್ಲ. ಒಂದು ನಡೆಗೆ ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದಾಗಿದ್ದಿತು. ಎಲೈಜಾ ವಿಲಿಯಮ್ಸ್ ಎಂಬ ಆಟಗಾರನು ಈ ಸ್ವಾತಂತ್ರ್ಯವನ್ನು ಪೂರ್ಣವಾಗಿ ಉಪಯೋಗಿಸಿಕೊಂಡನು. ಮೂರನೆಯ ಸ್ಥಾನಕ್ಕಾಗಿ ನಡೆದ ಪಂದ್ಯದಲ್ಲಿ ಅವನಿಗೆ ಸೋತ ಸ್ಟಾಂಟನನು, ತನ್ನನ್ನು ಗೆದ್ದುದು ಎದುರಾಳಿಯ ಬುದ್ಧಿಯಲ್ಲ, ಅವನ ನಿಧಾನ ಎಂಬಂತೆ ಕಟುವಾಗಿ ದೂರಿದನು.

ಸೋತವನ ದೂರೆಂದು ಇದನ್ನು ತಳ್ಳಿಹಾಕುವಂತಿರಲಿಲ್ಲ. ಮಿತಿಯಿಲ್ಲದ ಕಾಲವೂ ಒಂದು ಆಯುಧವೇ. ದೇಹಬಲವುಳ್ಳವನು, ತಾಳ್ಮೆಯುಳ್ಳವನು, ಅಥವಾ ನಾಚಿಕೆಯಿಲ್ಲದವನು, ಎದುರಾಳಿಯ ಬುದ್ಧಿಯನ್ನು ಗೆಲ್ಲಲಾರದಿದ್ದರೂ ಅವನ ಬೆನ್ನನ್ನು ಬಗ್ಗಿಸಿ ಗೆಲ್ಲಬಹುದು. ಆದುದರಿಂದ ಆಟಕ್ಕೆ ಕಾಲದ ಕಟ್ಟು ಬೇಕೆಂಬ ಕೂಗು ಹುಟ್ಟಿದ್ದು ಅವಸರದ ಮೋಹದಿಂದಲ್ಲ, ನ್ಯಾಯದ ಅಪೇಕ್ಷೆಯಿಂದ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದಿನ ಚರಿತ್ರೆಯೆಲ್ಲವೂ ಇದಕ್ಕೆ ಹೆಣೆದುಕೊಂಡಿದೆ.

ಮೊದಲು ಬಂದುದು ಮರಳಿನ ಗಡಿಯಾರ. ೧೮೬೧ರಲ್ಲಿ ಆಂಡರ್‌ಸನ್ನನಿಗೂ ಇಗ್ನಾಟ್ಸ್ ಕೋಲಿಷ್ ಎಂಬುವನಿಗೂ ಲಂಡನ್ನಿನಲ್ಲಿ ನಡೆದ ಪಂದ್ಯದಲ್ಲಿ ಒಬ್ಬೊಬ್ಬನೂ ಎರಡು ಗಂಟೆಗಳಲ್ಲಿ ಇಪ್ಪತ್ತನಾಲ್ಕು ನಡೆಗಳನ್ನು ಮುಗಿಸಬೇಕೆಂದು ಗೊತ್ತುಮಾಡಿದರು. ಇಬ್ಬರಿಗೂ ಒಂದೊಂದು ಮರಳುಗಾಜು. ತನ್ನ ಸರದಿಯಲ್ಲಿ ಅದು ನೆಟ್ಟಗೆ ನಿಂತು ಮರಳನ್ನು ಸುರಿಸುವುದು. ನಡೆಯಾದ ಕೂಡಲೆ ಅದನ್ನು ಮಗ್ಗುಲಾಗಿ ಮಲಗಿಸುವುದು. ಮಲಗಿಸಲು ಮರೆತರೆ ಲೆಕ್ಕವೇ ಕೆಟ್ಟಿತು. ಈ ತೊಡಕನ್ನು ನಿವಾರಿಸಿದುದು ೧೮೮೩ರ ಲಂಡನ್ ಸ್ಪರ್ಧೆ. ಮ್ಯಾಂಚೆಸ್ಟರಿನ ಥಾಮಸ್ ಬ್ರೈಟ್ ವಿಲ್ಸನ್ ಎಂಬಾತನು ಎರಡು ಗಡಿಯಾರಗಳನ್ನು ತಕ್ಕಡಿಯ ತಟ್ಟೆಗಳಂತೆ ಒಂದೇ ದಂಡಕ್ಕೆ ಕೂಡಿಸಿದನು. ಒಂದು ನೆಟ್ಟಗಾದರೆ ಇನ್ನೊಂದು ವಾಲಿ ನಿಲ್ಲುವುದು. ಎರಡೂ ಒಟ್ಟಿಗೆ ನಡೆಯುವಂತಿಲ್ಲ. ಗಂಟೆಗೆ ಹದಿನೈದು ನಡೆಗಳಂತೆ ಆಡಿದ ಆ ಸ್ಪರ್ಧೆಯಲ್ಲಿ ಯೋಹಾನೆಸ್ ಟ್ಸುಕರ್‌ಟೋರ್ಟನು ೨೨ ಅಂಕಗಳನ್ನು ಪಡೆದು ಮೊದಲಿಗನಾದನು. ವಿಲ್ಹೆಲ್ಮ್ ಸ್ಟೈನಿಟ್ಸನು ೧೯ ಅಂಕಗಳಿಂದ ಎರಡನೆಯವನಾದನು.

ಆ ಶತಮಾನದ ಕೊನೆಯ ಹೊತ್ತಿಗೆ ಗಡಿಯಾರದ ಮುಖಕ್ಕೆ ಒಂದು ಚಿಕ್ಕ ಬಾವುಟವು ಸೇರಿತು. ನಿಮಿಷದ ಮುಳ್ಳು ಹನ್ನೆರಡನ್ನು ಸಮೀಪಿಸಿದಂತೆ ಬಾವುಟವನ್ನು ಮೇಲೆತ್ತುವುದು. ಗಂಟೆ ತುಂಬಿದೊಡನೆ ಅದು ಕೆಳಗೆ ಬೀಳುವುದು. ಅಲ್ಲಿಯವರೆಗೆ ಅವಧಿಯು ಮೀರಿತೇ ಇಲ್ಲವೇ ಎಂದು ಜಗಳವಾಡಲು ಆಸ್ಪದವಿದ್ದಿತು. ಇನ್ನು ಮೇಲೆ ಇಲ್ಲವಾಯಿತು. ಮೊದಮೊದಲು ಕೆಲವು ಸ್ಪರ್ಧೆಗಳಲ್ಲಿ ಅವಧಿ ಮೀರಿದವನಿಗೆ ಹಣದ ದಂಡವನ್ನು ಮಾತ್ರ ಹಾಕುತ್ತಿದ್ದರು. ಕಾಲಕ್ರಮದಲ್ಲಿ ದಂಡವು ಹೋಗಿ, ಬಾವುಟವು ಬಿದ್ದವನು ಆಟವನ್ನೇ ಸೋತನೆಂಬ ವಿಧಿಯು ನಿಂತಿತು. ಹೀಗೆ ನ್ಯಾಯಸ್ಥಾನದಲ್ಲಿ ಹೊತ್ತು ನೋಡಲು ನಿಲ್ಲಿಸಿದ್ದ ಸೇವಕನು ಮೆಲ್ಲಮೆಲ್ಲನೆ ಮೇಲೇರಿ ನ್ಯಾಯಾಧಿಪತಿಯ ಪೀಠದ ಒಂದು ಭಾಗವನ್ನು ಹಿಡಿದನು.

೩

ಅವಧಿಯನ್ನು ಅಳೆಯುವ ಯಂತ್ರವು ಕೈಗೆ ಬಂದ ಮೇಲೆ ಅದನ್ನು ಕುಗ್ಗಿಸಿ ನೋಡುವ ಚಾಪಲ್ಯವು ಸಹಜ. ಅಮೆರಿಕದ ಸಂಘಗಳಲ್ಲಿ ಹತ್ತು ಸೆಕೆಂಡುಗಳಿಗೊಮ್ಮೆ ಗಂಟೆ ಬಾರಿಸಿ, ಗಂಟೆಯಾದೊಡನೆ ನಡೆಯನ್ನು ಮಾಡಲೇಬೇಕೆಂಬ ಕಟ್ಟಳೆಯಲ್ಲಿ ಆಡುವುದು ಬಹುಕಾಲ ನಡೆಯಿತು. ಆದರೆ ಸುಲಭವಾದ ನಡೆಗೂ ಕಷ್ಟವಾದ ನಡೆಗೂ ಹತ್ತೇ ಸೆಕೆಂಡು ಎನ್ನುವುದು ಒಡ್ಡುನ್ಯಾಯ. ಅದಕ್ಕಿಂತ, ಇಡಿಯ ಆಟಕ್ಕೆಂದು ಐದು ನಿಮಿಷಗಳನ್ನು ಕೊಟ್ಟು, ಎಲ್ಲಿ ಉಳಿಸಬೇಕು, ಎಲ್ಲಿ ವೆಚ್ಚಮಾಡಬೇಕು ಎಂಬುದನ್ನು ಆಟಗಾರನ ವಿವೇಕಕ್ಕೇ ಬಿಡುವುದು ಹೆಚ್ಚು ಯುಕ್ತವೆಂದು ಕಂಡಿತು. ಹೀಗೆ ಐದು ನಿಮಿಷದ ಆಟವು ಸಂಘಗಳಲ್ಲಿಯೂ ಕಾಫಿಯ ಅಂಗಡಿಗಳಲ್ಲಿಯೂ ನೆಲೆಗೊಂಡಿತು. ಆದರೂ ಅದಕ್ಕೆ ಮರ್ಯಾದೆಯಿರಲಿಲ್ಲ. ದೊಡ್ಡ ಸ್ಪರ್ಧೆಯ ದಣಿವಿನ ನಡುವೆ ಆಟಗಾರರು ಮನಸ್ಸನ್ನು ಹಗುರಮಾಡಿಕೊಳ್ಳಲು ಆಡುವ ವಿನೋದವದು. ಸೋತರೂ ಯಾರೂ ಬರೆದಿಡುತ್ತಿರಲಿಲ್ಲ, ಗೆದ್ದರೂ ಯಾರೂ ಬಿರುದು ಕೊಡುತ್ತಿರಲಿಲ್ಲ.

೧೯೫೮ರ ಬೇಸಿಗೆಯಲ್ಲಿ ಹದಿನೈದು ವರ್ಷದ ಅಮೆರಿಕದ ಹುಡುಗನೊಬ್ಬನು ತನ್ನ ಅಕ್ಕನೊಡನೆ ಮಾಸ್ಕೋ ನಗರಕ್ಕೆ ಬಂದಿಳಿದನು. ಅವನೇ ರಾಬರ್ಟ್ ಫಿಷರ್; ಜನರ ಬಾಯಲ್ಲಿ ಬಾಬಿ. ಆ ವರ್ಷದ ಆದಿಯಲ್ಲಿಯೇ ತನ್ನ ದೇಶದ ಪ್ರಥಮ ಆಟಗಾರನೆನ್ನಿಸಿಕೊಂಡಿದ್ದ ಅವನಿಗೆ ಮಾಸ್ಕೋವಿನ ಗೋಪುರಗಳಾಗಲಿ ಚಿತ್ರಶಾಲೆಗಳಾಗಲಿ ಬೇಕಾಗಿರಲಿಲ್ಲ. ಚದುರಂಗದ ಕೇಂದ್ರ ಸಂಘದಲ್ಲಿ ಕುಳಿತು ಬೆಳಗಿನಿಂದ ಮಿಂಚಿನಾಟಗಳನ್ನಾಡುವುದೇ ಅವನ ಯಾತ್ರೆ. ಅಲ್ಲಿಯ ತರುಣರನ್ನು ಅವನು ಒಬ್ಬೊಬ್ಬರನ್ನಾಗಿ ಸೋಲಿಸತೊಡಗಲು, ಸಂಘದವರು ತಿಗ್ರಾನ್ ಪೆಟ್ರೋಸ್ಯಾನನಿಗೆ ಹೇಳಿಕಳುಹಿಸಿದರು. ಮುಂದೆ ಜಗಜ್ಜಟ್ಟಿಯಾದ ಆ ಆರ್ಮೀನಿಯನ್ ಆಟಗಾರನು ಬಂದು ಕುಳಿತು, ಹೆಚ್ಚಿನ ಆಟಗಳನ್ನು ಗೆದ್ದು, ಹುಡುಗನ ಓಟಕ್ಕೆ ತಡೆಹಾಕಿದನು. ಈ ಲೆಕ್ಕವು ಇತ್ಯರ್ಥವಾಗಲು ಹನ್ನೆರಡು ವರ್ಷಗಳು ಬೇಕಾದುವು.

೪

೧೯೭೦ರ ಮಾರ್ಚಿ ತಿಂಗಳ ಕೊನೆಯಲ್ಲಿ ಯುಗೋಸ್ಲಾವಿಯದ ಬೆಲ್‌ಗ್ರೇಡ್ ನಗರದಲ್ಲಿ ಒಂದು ಅಪೂರ್ವವಾದ ಪಂದ್ಯವು ನಡೆಯಿತು. ಸೋವಿಯತ್ ಒಕ್ಕೂಟದ ಹತ್ತು ಮಣೆಗಳ ತಂಡವೊಂದು ಕಡೆ. ಉಳಿದ ಇಡಿಯ ಜಗತ್ತಿನಿಂದ ಆಯ್ದ ತಂಡ ಇನ್ನೊಂದು ಕಡೆ. ಸೋವಿಯತ್ ತಂಡವು ೨೦½ಕ್ಕೆ ೧೯½ ಅಂಕಗಳ ಕೂದಲೆಳೆಯ ಅಂತರದಿಂದ ಗೆದ್ದಿತು. ಸುಮಾರು ಒಂದೂವರೆ ವರ್ಷ ದೊಡ್ಡ ಸ್ಪರ್ಧೆಗಳಿಂದ ದೂರವಿದ್ದ ಫಿಷರನು ಅಲ್ಲಿ ಮತ್ತೆ ಕಾಣಿಸಿಕೊಂಡು, ಮೊದಲನೆಯ ಮಣೆಯನ್ನು ಡೆನ್ಮಾರ್ಕಿನ ಬೆಂಟ್ ಲಾರ್ಸೆನ್ನನಿಗೆ ಬಿಟ್ಟುಕೊಟ್ಟು, ತಾನು ಎರಡನೆಯದರಲ್ಲಿ ಕುಳಿತು ಪೆಟ್ರೋಸ್ಯಾನನನ್ನು ೩-೧ರಿಂದ ಸೋಲಿಸಿದನು. ಇವು ಗಂಟೆಗಟ್ಟಲೆ ಯೋಚಿಸಿ ಆಡಿದ ಆಟಗಳು.

ಪಂದ್ಯವು ಮುಗಿದ ಮೇಲೆ ಹನ್ನೆರಡು ಮಂದಿ ಆಟಗಾರರು ಏಡ್ರಿಯಾಟಿಕ್ ಸಮುದ್ರದ ತೀರದಲ್ಲಿ, ಕೋಟೋರ್ ಕೊಲ್ಲಿಯ ಬಾಯಲ್ಲಿರುವ ಹೆರ್ಸೆಗ್‌ನೋವಿ ಎಂಬ ಚಿಕ್ಕ ಪಟ್ಟಣಕ್ಕೆ ಬಂದರು. ಈಗ ಅದು ಮಾಂಟೆನಿಗ್ರೊ ದೇಶಕ್ಕೆ ಸೇರಿದೆ. ಏಪ್ರಿಲ್ ೮ರಂದು ಅಲ್ಲಿ ಮಿಂಚಿನಾಟದ ಸ್ಪರ್ಧೆಯೊಂದನ್ನು ಏರ್ಪಡಿಸಿದ್ದರು. ಪ್ರತಿಯೊಬ್ಬನೂ ಉಳಿದ ಹನ್ನೊಂದು ಮಂದಿಯೊಡನೆ ಬಿಳಿಯ ಕಾಯಿಗಳಿಂದ ಒಮ್ಮೆ, ಕಪ್ಪಿನಿಂದ ಒಮ್ಮೆ, ಒಟ್ಟು ಇಪ್ಪತ್ತೆರಡು ಆಟಗಳನ್ನು ಒಂದೇ ದಿನದಲ್ಲಿ ಆಡಬೇಕು. ಒಬ್ಬೊಬ್ಬನಿಗೆ ಆಟಕ್ಕೆ ಐದು ನಿಮಿಷ.

ಬಂದಿದ್ದವರು ಸಾಮಾನ್ಯರಲ್ಲ. ಮಿಖಾಯಿಲ್ ತಾಲ್, ಪೆಟ್ರೋಸ್ಯಾನ್, ವಾಸಿಲಿ ಸ್ಮಿಸ್ಲೋವ್ ಈ ಮೂವರೂ ಜಗಜ್ಜಟ್ಟಿಗಳಾಗಿದ್ದವರು. ಡೇವಿಡ್ ಬ್ರಾನ್‌ಸ್ಟೀನನು ೧೯೫೧ರಲ್ಲಿ ಆ ಪದವಿಯ ಪಂದ್ಯವನ್ನು ಸಮಸಮವಾಗಿ ಮುಗಿಸಿ, ನಿಯಮದ ಕಾರಣದಿಂದ ಪದವಿಯನ್ನು ಪಡೆಯದೆ ಉಳಿದವನು. ವಿಕ್ಟರ್ ಕೊರ್ಚ್ನೊಯ್ ಮುಂದೆ ಎರಡು ಸಲ ಆ ಪದವಿಗಾಗಿ ಹೋರಾಡಿದವನು. ಇವರೊಡನೆ ಚೆಕೊಸ್ಲೊವಾಕಿಯದ ಹೋರ್ಟ್, ಪೂರ್ವ ಜರ್ಮನಿಯ ಊಲ್‌ಮಾನ್, ಅಮೆರಿಕದ ಹಿರಿಯನಾದ ರೆಶೆವ್‌ಸ್ಕಿ, ಯುಗೋಸ್ಲಾವಿಯದ ಇವ್‌ಕೋವ್, ಮಾತುಲೋವಿಚ್, ಓಸ್ತೊಯಿಚ್. ತಾಲನ ಚುರುಕು ಲೋಕಪ್ರಸಿದ್ಧ. ಪೆಟ್ರೋಸ್ಯಾನನು ಮಿಂಚಿನಾಟದಲ್ಲಿ ಪಳಗಿದವನು. ಗೆಲುವು ಇವರಿಬ್ಬರಲ್ಲೊಬ್ಬರದೆಂದು ಅನೇಕರು ಎಣಿಸಿದ್ದರು. ಫಿಷರನ ಆಟವು ಕಟ್ಟುನಿಟ್ಟಾದುದು, ಆಳವಾದುದು. ಅದಕ್ಕೆ ಹೊತ್ತು ಬೇಕೆಂಬುದು ಅವರ ಊಹೆ.

೫

ಆ ದಿನದ ನೂರಾರು ಆಟಗಳಲ್ಲಿ ಒಂದನ್ನು ಮಾತ್ರ ಇಲ್ಲಿ ವಿವರಿಸುವೆನು. ಕೊರ್ಚ್ನೊಯ್ ಬಿಳಿಯ ಕಾಯಿಗಳನ್ನು ಹಿಡಿದಿದ್ದನು, ಫಿಷರನು ಕಪ್ಪನ್ನು.

ಫಿಷರನು ಆರಿಸಿಕೊಂಡ ರಕ್ಷಣಾಕ್ರಮಕ್ಕೆ ಕಿಂಗ್ಸ್ ಇಂಡಿಯನ್ ಎಂದು ಹೆಸರು. ಈ ಹೆಸರಿನೊಳಗಿನ ಇಂಡಿಯನ್ ಎಂಬ ವಿಶೇಷಣವು ಸುಮ್ಮನೆ ಬಂದುದಲ್ಲ. ಹತ್ತೊಂಬತ್ತನೆಯ ಶತಮಾನದ ನಡುವೆ ಕಲ್ಕತ್ತೆಯಲ್ಲಿ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ನ್ಯಾಯವಾದಿಯೊಡನೆ ಮಹೇಶಚಂದ್ರ ಬಂದ್ಯೋಪಾಧ್ಯಾಯನೆಂಬ ವಂಗದೇಶದ ಆಟಗಾರನು ನೂರಾರು ಆಟಗಳನ್ನಾಡಿದನು. ನಮ್ಮ ದೇಶದ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯುವುದಾದುದರಿಂದ, ನಡುವಣ ನೆಲವನ್ನು ಎದುರಾಳಿಗೆ ಬಿಟ್ಟು ತಾನು ಪಕ್ಕದಿಂದ ಕಾಯ್ದು ಆಡುವ ಕ್ರಮವು ಆತನಿಗೆ ಒಗ್ಗಿದ್ದಿತು. ಆ ಬಗೆಯ ರಕ್ಷಣೆಗಳಿಗೆ ಯೂರೋಪಿನವರು ಭಾರತೀಯವೆಂದು ಹೆಸರಿಟ್ಟರು. ನೂರು ವರ್ಷಗಳ ಬಳಿಕ ಆ ಹೆಸರು ಹೀಗೆ ಏಡ್ರಿಯಾಟಿಕ್ ತೀರದ ಮಣೆಯ ಮೇಲೆ ಕಾಣಿಸಿಕೊಂಡಿತು.

ಆಟವು ಬೇಗನೆ ಎರಡು ಯುದ್ಧಗಳಾಗಿ ಒಡೆಯಿತು. ನಡುವೆ ಕಾಲಾಳುಗಳು ಒಂದಕ್ಕೊಂದು ಮುಖಕೊಟ್ಟು ನಿಂತು ದಾರಿಯನ್ನು ಮುಚ್ಚಿಬಿಟ್ಟುವು. ಕೊರ್ಚ್ನೊಯ್ ತನ್ನ ಎಡಗಡೆಯಲ್ಲಿ, ಅಂದರೆ ಮಂತ್ರಿಯ ಪಾರ್ಶ್ವದಲ್ಲಿ, ಕಾಲಾಳುಗಳನ್ನು ಮುಂದೂಡಿ ಬಾಗಿಲು ತೆರೆಯಹೊರಟನು. ಫಿಷರನು ಅದನ್ನು ಹೆಚ್ಚಾಗಿ ಲಕ್ಷಿಸದೆ, ರಾಜನಿರುವ ಪಾರ್ಶ್ವದಲ್ಲಿ ತನ್ನ ಕಾಲಾಳುಗಳನ್ನು ಒಂದರ ಹಿಂದೊಂದಾಗಿ ನೂಕಿದನು. ಒಬ್ಬನಿಗೆ ನೆಲದ ಮೇಲೆ ಕಣ್ಣು, ಇನ್ನೊಬ್ಬನಿಗೆ ರಾಜನ ಕೊರಳ ಮೇಲೆ. ಇಂತಹ ಆಟದಲ್ಲಿ ಒಂದು ನಡೆ ತಡವಾದವನು ಸೋತಂತೆಯೇ.

ಇಪ್ಪತ್ತೆರಡನೆಯ ನಡೆಯ ಹೊತ್ತಿಗೆ ಕಪ್ಪಿನ ದಾಳಿಯು ನಿಂತುಹೋದಂತೆ ತೋರಿತು. ಕಾಲಾಳುಗಳು ವಿನಿಮಯವಾಗಿದ್ದುವು, ಬಿಳಿಯ ರಾಜನ ಮುಂದೆ ಆನೆಯೊಂದು ಕಾವಲಿದ್ದಿತು. ಆಗ ಫಿಷರನು ಮಾಡಿದುದನ್ನು ಗಮನಿಸಬೇಕು. ಮುಂದೆ ಬಂದಿದ್ದ ಒಂದು ಕುದುರೆಯನ್ನು ಹಿಂದಕ್ಕೆ ತೆಗೆದನು. ಇನ್ನೊಂದು ಕುದುರೆಯನ್ನು ತನ್ನ ರಾಜನ ಮಗ್ಗುಲಲ್ಲಿರುವ ಮೂಲೆಮನೆಗೆ ಕೊಂಡೊಯ್ದನು. ಕುದುರೆಯು ಮೂಲೆ ಸೇರಿದರೆ ಅರ್ಧ ಸತ್ತಂತೆ ಎಂದು ಆಟವನ್ನು ಕಲಿಯುವ ಹುಡುಗರಿಗೆ ಮೊದಲೇ ಹೇಳಿಕೊಡುತ್ತಾರೆ. ಒಂದೊಂದು ಸೆಕೆಂಡಿಗೂ ಬೆಲೆಯಿರುವ ಆಟದಲ್ಲಿ, ಎದುರಾಳಿಯ ರಾಜನ ಮೇಲೆ ನುಗ್ಗಬೇಕಾದ ಕುದುರೆಯು ಹೀಗೆ ಬೆನ್ನು ತಿರುಗಿಸಿ ಮೂಲೆಗೆ ಹೋಯಿತು. ಅಲ್ಲಿಂದ ಅದು ಮುಂದಿನ ನಡೆಯಲ್ಲಿ ಒಳಬಂದು, ಅದರ ಮುಂದಿನ ನಡೆಯಲ್ಲಿ ರಾಜನ ಕೋಟೆಗೆದುರಾಗಿ ಬಂದು ನಿಂತಿತು. ಕುದುರೆಯು ತೆರವುಮಾಡಿದ್ದ ಮನೆಗೆ ಆನೆಯು ಬಂದು, ಬಿಳಿಯ ರಾಜನ ನೇರಕ್ಕೆ ಗುರಿಯಿಟ್ಟಿತು.

ಅಪಾಯವನ್ನು ಕಂಡ ಕೊರ್ಚ್ನೊಯ್ ಇಪ್ಪತ್ತೆಂಟನೆಯ ನಡೆಯಲ್ಲಿ ರಾಜನನ್ನು ಪಕ್ಕದ ಮನೆಗೆ ಸರಿಸಿ ಓಡಿಸಹೊರಟನು. ತಕ್ಷಣವೇ ಮೂಲೆಯಿಂದ ಸುತ್ತಿಬಂದ ಆ ಕುದುರೆಯು ರಾಜನ ಮುಂದಣ ಕಾಲಾಳನ್ನು ಹೊಡೆದು ತನ್ನನ್ನು ಬಲಿಕೊಟ್ಟಿತು. ಬಿಳಿಯು ಅದನ್ನು ಹಿಡಿದ ಕೂಡಲೆ, ಅಲ್ಲಿಯವರೆಗೆ ತನ್ನ ಮೂಲಸ್ಥಾನದಿಂದ ಒಂದು ಮನೆಯೂ ಅಲುಗದಿದ್ದ ಕಪ್ಪಿನ ಒಂಟೆಯು, ಹಲಗೆಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಓರೆಯಾಗಿ ಹಾರಿ ಬಂದು ಷಹ ಕೊಟ್ಟಿತು. ರಾಜನು ಮುಂದಕ್ಕೆ ಸರಿದನು. ಹಿಂದಕ್ಕೆ ತೆಗೆದಿಟ್ಟಿದ್ದ ಮೊದಲನೆಯ ಕುದುರೆಯು ನೆಗೆದು ಮತ್ತೊಂದು ಷಹ ಕೊಟ್ಟು ತಾನೂ ಬಲಿಯಾಯಿತು. ಅದನ್ನು ಹೊಡೆದ ಕಾಯಿಯನ್ನು ಒಂಟೆಯು ಹೊಡೆದು ಬಿಳಿಯ ಮಂತ್ರಿಯ ಮೇಲೆ ಕಣ್ಣಿಟ್ಟು ನಿಂತಾಗ, ಬಿಳಿಯ ರಾಜನಿಗೆ ಗೋಡೆಯೂ ಉಳಿದಿರಲಿಲ್ಲ, ಮಾಡೂ ಉಳಿದಿರಲಿಲ್ಲ. ಮೂವತ್ತೊಂದನೆಯ ನಡೆಗೆ ಆಟವು ಮುಗಿಯಿತು. ಸೋಲು ಮಣೆಯ ಮೇಲೆಯೇ ನಿಶ್ಚಯವಾಗಿದ್ದಿತು. ಗಡಿಯಾರದ ತೀರ್ಪು ಬೇಕಾಗಿರಲಿಲ್ಲ.

ಇಲ್ಲೊಂದು ಪ್ರಶ್ನೆ. ಒಟ್ಟು ಐದು ನಿಮಿಷದೊಳಗೆ ಈ ಕುದುರೆಯ ಸುತ್ತುದಾರಿಯನ್ನು ಒಬ್ಬನು ಹೊಸದಾಗಿ ಕಂಡುಹಿಡಿಯಬಲ್ಲನೇ? ಈ ರಕ್ಷಣೆಯ ಈ ಶಾಖೆಯು ಆರ್ಜೆಂಟೀನಾದ ಮಾರ್ ದೆಲ್ ಪ್ಲಾತಾ ನಗರದಲ್ಲಿ ೧೯೫೩ರಲ್ಲಿ ನಡೆದ ಸ್ಪರ್ಧೆಯಿಂದ ತನ್ನ ಹೆಸರನ್ನು ಪಡೆದುದು. ಆಗ ಫಿಷರನು ಹತ್ತು ವರ್ಷದ ಬಾಲಕ. ಅಂದಿನಿಂದ ಹಲವು ದೇಶಗಳ ಆಟಗಾರರು ಇದನ್ನು ಆಡಿ, ಸೋತು, ತಿದ್ದಿ, ಬರೆದಿಟ್ಟುದನ್ನೆಲ್ಲ ಅವನು ಓದಿ ಅರಗಿಸಿಕೊಂಡಿದ್ದನು. ಮಣೆಯ ಆ ರೂಪವನ್ನು ಕಂಡೊಡನೆ ಕುದುರೆಗೆ ಯಾವ ಮನೆ ಬೇಕೆಂಬುದು ಅವನಿಗೆ ತೋರಿತು. ಯೋಚಿಸಬೇಕಾಗಿದ್ದುದು ಆ ಮನೆಗೆ ಹೋಗುವ ದಾರಿಯನ್ನು ಮಾತ್ರ. ಸಂಗೀತಗಾರನು ರಾಗವನ್ನು ಆಲಾಪಿಸುವಾಗ ಸ್ವರಸ್ಥಾನಗಳನ್ನು ಹುಡುಕುತ್ತ ಕೂಡುವುದಿಲ್ಲ. ಅವು ಎಂದೋ ಕೊರಳಿಗೆ ಬಂದಿರುತ್ತವೆ. ಸಭೆಯಲ್ಲಿ ಆಗುವುದು ಅವುಗಳ ಜೋಡಣೆ. ಮಿಂಚು ಒಂದು ಕ್ಷಣದ್ದಾದರೂ ಮೋಡವು ಕೂಡಿಕೊಳ್ಳಲು ಬಹಳ ಹೊತ್ತು ಹಿಡಿದಿರುತ್ತದೆ.

೬

ದಿನದ ಕೊನೆಗೆ ಫಿಷರನ ಅಂಕಗಳು ಇಪ್ಪತ್ತೆರಡಕ್ಕೆ ಹತ್ತೊಂಬತ್ತು. ಹದಿನೇಳು ಗೆಲವು, ನಾಲ್ಕು ಸಮ, ಒಂದು ಸೋಲು. ಎರಡನೆಯವನಾದ ತಾಲನು ೧೪½, ಕೊರ್ಚ್ನೊಯ್ ೧೪, ಪೆಟ್ರೋಸ್ಯಾನ್ ೧೩½, ಬ್ರಾನ್‌ಸ್ಟೀನ್ ೧೩. ಮೊದಲನೆಯವನಿಗೂ ಎರಡನೆಯವನಿಗೂ ನಡುವೆ ನಾಲ್ಕೂವರೆ ಅಂಕಗಳ ಬಯಲು. ಜಗಜ್ಜಟ್ಟಿಗಳಾಗಿದ್ದ ತಾಲ್, ಪೆಟ್ರೋಸ್ಯಾನ್, ಸ್ಮಿಸ್ಲೋವರಲ್ಲಿ ಒಬ್ಬನೂ ಅವನಿಂದ ಅರ್ಧ ಅಂಕವನ್ನೂ ಪಡೆಯಲಿಲ್ಲ. ಅವನನ್ನು ಒಮ್ಮೆ ಸೋಲಿಸಿದವನು ಯಾರೆಂದರೆ ಕೊರ್ಚ್ನೊಯ್. ಮೇಲೆ ಹೇಳಿದ ಆಟದ ಜೋಡಿಯಾಟದಲ್ಲಿ ಕಪ್ಪು ಕಾಯಿಗಳಿಂದ ಗೆದ್ದು ಆತನು ಲೆಕ್ಕವನ್ನು ಸಮಮಾಡಿಕೊಂಡನು. ಮಾಸ್ಕೋವಿನ ಸಂಘದಲ್ಲಿ ಹನ್ನೆರಡು ವರ್ಷಗಳ ಹಿಂದೆ ಪೆಟ್ರೋಸ್ಯಾನನೊಡನೆ ಉಳಿದಿದ್ದ ಬಾಕಿಯೂ ಅಂದು ತೀರಿತು.

ಸ್ಪರ್ಧೆಯು ಮುಗಿದ ಮೇಲೆ ಫಿಷರನು ತಾನಾಡಿದ ಇಪ್ಪತ್ತೆರಡು ಆಟಗಳ ನಡೆಗಳನ್ನೂ ನೆನಪಿನಿಂದ ಹೇಳಿದನೆಂದು ಪ್ರತೀತಿಯಿದೆ. ಇದು ಕೇಳುವವರಿಗೆ ಪವಾಡದಂತೆ ತೋರುವುದು. ಆದರೆ ಅರ್ಥವಿಲ್ಲದೆ ಆಡಿದ ನಡೆಗಳು ಯಾರ ನೆನಪಿನಲ್ಲಿಯೂ ನಿಲ್ಲುವುದಿಲ್ಲ. ನೂರು ಬಿಡಿ ಅಕ್ಷರಗಳನ್ನು ನೆನಪಿಡಲಾರದವನೂ ನೂರು ಪದ್ಯಗಳನ್ನು ಬಾಯಿಪಾಠ ಹೇಳಬಲ್ಲನು. ಎರಡು ವರ್ಷಗಳ ಬಳಿಕ, ೧೯೭೨ರಲ್ಲಿ, ಐಸ್‌ಲೆಂಡಿನ ರೇಕ್ಯಾವಿಕ್ ನಗರದಲ್ಲಿ ಇದೇ ಫಿಷರನು ನಿಧಾನದ ಆಟಗಳಲ್ಲಿ ಬೋರಿಸ್ ಸ್ಪಾಸ್ಕಿಯನ್ನು ೧೨½-೮½ರಿಂದ ಸೋಲಿಸಿ ಜಗಜ್ಜಟ್ಟಿಯಾದನು. ಹೆರ್ಸೆಗ್‌ನೋವಿಯ ಒಂದು ದಿನವು ಹೇಳಿದುದನ್ನೇ ರೇಕ್ಯಾವಿಕ್ಕಿನ ಎರಡು ತಿಂಗಳುಗಳು ದೃಢಪಡಿಸಿದುವು. ಅವಸರದ ಪರೀಕ್ಷೆಯೂ ಬಿಡುವಿನ ಪರೀಕ್ಷೆಯೂ ಒಂದೇ ಉತ್ತರವನ್ನು ಕೊಟ್ಟ ಮೇಲೆ ಮಿಂಚಿನಾಟವು ಬರಿಯ ಕೈಚಳಕವೆನ್ನುವವರ ವಾದವು ನಿಲ್ಲಲಾರದು.

೭

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಒಂದು ಪಕ್ಷವನ್ನು ಮಾತ್ರ ಕೇಳಿದಂತಾಗುವುದು. ಗಡಿಯಾರವು ಅನ್ಯಾಯವನ್ನೂ ಮಾಡಬಲ್ಲದು.

೨೦೦೮ರಲ್ಲಿ ಅಮೆರಿಕದ ತುಲ್ಸಾ ನಗರದಲ್ಲಿ ಆ ದೇಶದ ಮಹಿಳೆಯರ ಪ್ರಥಮಸ್ಥ ಸ್ಪರ್ಧೆಯು ನಡೆಯಿತು. ಇರೀನಾ ಕ್ರುಷ್, ಅನ್ನಾ ಜಾಟೋನ್‌ಸ್ಕಿಹ್ ಇಬ್ಬರೂ ಸಮನಾಗಿ ನಿಂತರು. ಶೀಘ್ರದ ಆಟಗಳಲ್ಲಿಯೂ ಸಮ, ಮಿಂಚಿನಾಟಗಳಲ್ಲಿಯೂ ಸಮ. ಕೊನೆಗೆ ಒಂದೇ ಆಟದಿಂದ ತೀರ್ಮಾನಿಸುವ ವಿಧಿಗೆ ಮೊರೆಹೊಕ್ಕರು. ಬಿಳಿಗೆ ಆರು ನಿಮಿಷ. ಕಪ್ಪಿಗೆ ನಾಲ್ಕೂವರೆ ನಿಮಿಷ. ಆದರೆ ಆಟವು ಸಮವಾದರೆ ಕಪ್ಪಿಗೇ ಜಯ. ಕೊನೆಕೊನೆಗೆ ಇಬ್ಬರಲ್ಲಿಯೂ ಸೆಕೆಂಡುಗಳು ಮಾತ್ರ ಉಳಿದಾಗ, ಮಣೆಯ ಮೇಲಿನ ಸ್ಥಿತಿಯನ್ನು ನೋಡುವವರಿಲ್ಲ. ಕೈಗಳು ಗುಂಡಿಗಾಗಿ ಹೊಡೆದಾಡುತ್ತಿದ್ದುವು. ಬಿಳಿಯ ಕಾಲವು ತೀರಿದಾಗ ಕಪ್ಪಿನಲ್ಲಿ ಉಳಿದಿದ್ದುದು ಒಂದು ಸೆಕೆಂಡು. ಜಾಟೋನ್‌ಸ್ಕಿಹ್ ಅವರು ಗೆದ್ದರೆಂದು ಸಾರಿದರು. ಅವರು ನಿಯಮಕ್ಕೆ ಸರಿಯಾಗಿಯೇ ಗೆದ್ದವರು. ಸೋತ ಕ್ರುಷ್ ಅವರು ಬಹಿರಂಗ ಪತ್ರವನ್ನು ಬರೆದು, ಇಂತಹ ತೀರ್ಮಾನವನ್ನು ಆಕ್ಷೇಪಿಸಿದರು. ವರ್ಷದ ಪರಿಶ್ರಮದ ಫಲವನ್ನು ಒಂದು ಸೆಕೆಂಡಿನ ಕೈಗೆ ಕೊಡುವುದು ನ್ಯಾಯವೇ ಎಂಬ ಪ್ರಶ್ನೆಯು ಅಂದು ಅನೇಕರ ಮನಸ್ಸನ್ನು ಕಲಕಿತು.

ಹೆರ್ಸೆಗ್‌ನೋವಿಯಲ್ಲಿಯೂ ತುಲ್ಸಾದಲ್ಲಿಯೂ ಗಡಿಯಾರವು ಒಂದೇ. ಅದರ ಉಪಯೋಗವು ಬೇರೆ. ಅಲ್ಲಿ ಇಪ್ಪತ್ತೆರಡು ಆಟಗಳಿದ್ದುವು. ಒಂದರಲ್ಲಿ ಕೈ ತಪ್ಪಿದರೆ ಇನ್ನೊಂದರಲ್ಲಿ ಸರಿಯಾಗುವುದು. ಅದೃಷ್ಟವು ಹರಡಿಹೋಗಿ ಕೊನೆಗೆ ವಿದ್ಯೆಯು ಮೇಲೆ ಬರುವುದು. ಇಲ್ಲಿ ಒಂದೇ ಆಟ, ಅದರಲ್ಲಿಯೂ ಕೊನೆಯ ಗಳಿಗೆಯಲ್ಲಿ ಒಂದು ನಡೆಗೆ ಒಂದು ಸೆಕೆಂಡಿಗಿಂತಲೂ ಕಡಿಮೆ. ಐದು ನಿಮಿಷಗಳಲ್ಲಿ ಬುದ್ಧಿಗೆ ಎಡೆಯುಂಟು. ಅರ್ಧ ಸೆಕೆಂಡಿನಲ್ಲಿ ಕೈಗೆ ಮಾತ್ರ ಎಡೆ. ಈ ಎರಡರ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ನಿಜವಾದ ಪ್ರಶ್ನೆ.

೮

ಈ ಗೆರೆಯನ್ನು ಹುಡುಕಿದವರು ಯಾರೆಂಬುದು ಚರಿತ್ರೆಯ ಒಂದು ಸ್ವಾರಸ್ಯ. ಹೆರ್ಸೆಗ್‌ನೋವಿಯಲ್ಲಿ ಮೊದಲನೆಯವನಾದ ಫಿಷರನೂ ಐದನೆಯವನಾದ ಬ್ರಾನ್‌ಸ್ಟೀನನೂ ಗಡಿಯಾರವನ್ನು ಮೃದುಗೊಳಿಸುವ ಉಪಾಯಗಳನ್ನು ಬೇರೆಬೇರೆಯಾಗಿ ಆಲೋಚಿಸಿದರು. ಬ್ರಾನ್‌ಸ್ಟೀನನ ಹೆಸರಿನ ಕ್ರಮದಲ್ಲಿ, ಒಂದು ನಡೆಗೆ ವೆಚ್ಚವಾದ ಕಾಲವನ್ನು ಗೊತ್ತಾದ ಕೆಲವು ಸೆಕೆಂಡುಗಳ ಮಿತಿಯೊಳಗೆ ಆಟಗಾರನಿಗೆ ಹಿಂದಿರುಗಿಸಲಾಗುವುದು. ಫಿಷರನ ಕ್ರಮವು ಇನ್ನೂ ಉದಾರವಾದುದು. ಪ್ರತಿಯೊಂದು ನಡೆಗೂ ಕೆಲವು ಸೆಕೆಂಡುಗಳನ್ನು ಕೂಡಿಸುವುದು. ಚುರುಕಾಗಿ ಆಡಿದವನ ಗಂಟು ಬೆಳೆಯುವುದೂ ಉಂಟು. ಇದಕ್ಕಾಗಿ ಅವನು ೧೯೮೮ರಲ್ಲಿ ಪೇಟೆಂಟಿಗೆ ಅರ್ಜಿಯನ್ನು ಸಲ್ಲಿಸಿದನು. ೧೯೯೨ರಲ್ಲಿ ಇಪ್ಪತ್ತು ವರ್ಷಗಳ ಮೌನದ ಬಳಿಕ ಸ್ಪಾಸ್ಕಿಯೊಡನೆ ಮತ್ತೆ ಪಂದ್ಯವಾಡಿದಾಗ ಆ ಗಡಿಯಾರವನ್ನೇ ಇಟ್ಟುಕೊಂಡನು. ಪಂದ್ಯವು ಮೊದಲಾದುದು ಸ್ವೇತಿ ಸ್ತೆಫಾನ್ ಎಂಬಲ್ಲಿ. ಹೆರ್ಸೆಗ್‌ನೋವಿಯಿರುವ ಅದೇ ಮಾಂಟೆನಿಗ್ರೊ ಕರಾವಳಿಯಲ್ಲಿ.

ಐದು ನಿಮಿಷದ ಆಟದಲ್ಲಿ ಯಾರೂ ಹತ್ತಿರ ಸುಳಿಯದಂತೆ ಗೆದ್ದವನೇ, ಕಾಲದ ಕೊರತೆಯಿಂದ ಯಾರೂ ಸೋಲಬಾರದೆಂದು ಯಂತ್ರವನ್ನು ಕಲ್ಪಿಸಿದನು. ಇದರಲ್ಲಿ ವಿರೋಧವಿಲ್ಲ. ಗೆಲವು ಮಣೆಯ ಮೇಲೆಯೇ ಆಗಬೇಕೆಂಬುದು ಅವನ ಹಟ. ೧೮೫೧ರಲ್ಲಿ ಸ್ಟಾಂಟನನು ಕೇಳಿದುದೂ ಇದೇ ನ್ಯಾಯವನ್ನು. ಅವನ ಕಾಲದಲ್ಲಿ ಬಿಡುವು ಅತಿಯಾಗಿ ಆಟವನ್ನು ಕೆಡಿಸುತ್ತಿದ್ದಿತು. ಫಿಷರನ ಕಾಲಕ್ಕೆ ಅವಸರವು ಅತಿಯಾಗಿ ಕೆಡಿಸುತ್ತಿದ್ದಿತು. ಈಗ ಜಗತ್ತಿನ ಮಿಂಚಿನಾಟದ ಪದವಿಗಾಗಿ ಆಡುವವರಿಗೆ ಮೂರು ನಿಮಿಷಗಳ ಜೊತೆಗೆ ನಡೆಗೆ ಎರಡು ಸೆಕೆಂಡುಗಳು ದೊರೆಯುತ್ತವೆ. ಆ ಎರಡು ಸೆಕೆಂಡುಗಳು ಅಲ್ಪವಾದರೂ ಗೆದ್ದ ಆಟವನ್ನು ಗೆದ್ದೇ ಮುಗಿಸಲು ಸಾಕು.

ನಿಧಾನದ ಆಟದ ಮಹಾಪದವಿಯು ಕೂಡ ಈಗ ಶೀಘ್ರದ ಆಟಕ್ಕೆ ಬಾಗಿಲು ತೆರೆದಿದೆ. ೨೦೧೨ರಲ್ಲಿ ಮಾಸ್ಕೋ ನಗರದಲ್ಲಿ ನಮ್ಮ ವಿಶ್ವನಾಥನ್ ಆನಂದರೂ ಇಸ್ರೇಲಿನ ಬೋರಿಸ್ ಗೆಲ್‌ಫಾಂಡರೂ ಹನ್ನೆರಡು ಆಟಗಳಲ್ಲಿ ೬-೬ರಂತೆ ಸಮನಾಗಿ, ಶೀಘ್ರದ ಆಟಗಳಲ್ಲಿ ಆನಂದರು ೨½-೧½ರಿಂದ ಗೆದ್ದು ಪದವಿಯನ್ನು ಉಳಿಸಿಕೊಂಡರು. ೨೦೧೬, ೨೦೧೮, ೨೦೨೩ರ ಪಂದ್ಯಗಳೂ ಹೀಗೆಯೇ ತೀರ್ಮಾನವಾದುವು. ೨೦೨೪ರ ಡಿಸೆಂಬರ್ ೩೧ರಂದು ನ್ಯೂಯಾರ್ಕಿನಲ್ಲಿ ಮಿಂಚಿನಾಟದ ಜಗಜ್ಜಟ್ಟಿ ಯಾರೆಂಬುದನ್ನು ಗೊತ್ತುಮಾಡಲು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ನರೂ ರಷ್ಯದ ಇಯಾನ್ ನೆಪೊಮ್ನಿಯಾಚಿಯವರೂ ನಾಲ್ಕು ಆಟಗಳಲ್ಲಿ ೨-೨ರಂತೆ ಸಮನಾದರು; ಮತ್ತೆ ಮೂರು ಆಟಗಳನ್ನಾಡಿದರೂ ಮೂರೂ ಸಮವಾದುವು. ಆಗ ಪದವಿಯನ್ನು ಇಬ್ಬರೂ ಹಂಚಿಕೊಳ್ಳಲು ಒಪ್ಪಿದರು. ಇದು ಕ್ರೀಡಾಧರ್ಮಕ್ಕೆ ಸಲ್ಲದೆಂದು ಹಲವರು ಮುನಿದರು. ಅವರ ಮುನಿಸಿಗೆ ಆಧಾರವಿದೆ. ಸ್ಪರ್ಧೆಯೆಂದ ಮೇಲೆ ಗೆದ್ದವನೊಬ್ಬನಿರಬೇಕೆಂದು ನೋಡುವವರು ಅಪೇಕ್ಷಿಸುವುದು ಸಹಜ. ಆದರೆ ಬುದ್ಧಿಯು ಸಮವೆಂದು ಹೇಳಿದ ಮೇಲೆಯೂ ದಣಿವಿನ ಬಾಯಿಂದ ಬೇರೆ ತೀರ್ಪನ್ನು ಹೇಳಿಸುವುದು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನೂ ವಾಚಕರು ವಿಚಾರಿಸಬೇಕು.

ಚರಿತ್ರೆಯು ಹೇಳುವುದಿಷ್ಟು. ಅವಸರವು ಯಾರಿಗೂ ಏನನ್ನೂ ಕಲಿಸುವುದಿಲ್ಲ. ಕಲಿತುದನ್ನು ಮಾತ್ರ ಹೊರಗೆಳೆದು ತೋರಿಸುವುದು. ಮೂಲೆಗೆ ಹೋಗಿ ಸುತ್ತಿಬಂದ ಆ ಕುದುರೆಯ ನಡೆಗಳು ಹೆರ್ಸೆಗ್‌ನೋವಿಯಲ್ಲಿ ಕೆಲವು ಸೆಕೆಂಡುಗಳಲ್ಲಿ ಮುಗಿದುವು. ಅವುಗಳ ಹಿಂದಿದ್ದ ಅಭ್ಯಾಸಕ್ಕೆ ಒಬ್ಬ ಬಾಲಕನ ಇಡಿಯ ಯೌವನವು ಸಂದಿದ್ದಿತು. ಮಕ್ಕಳಿಗೆ ಆಟವನ್ನಾಗಲಿ ಪಾಠವನ್ನಾಗಲಿ ಕಲಿಸುವಾಗ ಗಡಿಯಾರವನ್ನು ಮೊದಲೇ ಮುಂದಿಡುವವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಮಣೆ, ಆಮೇಲೆ ಗಡಿಯಾರ.